ಮಂಡಿಗೆ ತಾಗುವ ಬ್ಯಾಗು

ಪಿರಿಯಾಪಟ್ಟಣ, ೮ ನವೆಂಬರ್ ೨೦೨೫, ಶನಿವಾರ

ಟಾರ್ಪಾಲು ಮುನ್ನೂರ ಎಂಬತ್ತು, ಜಿಪ್ಪು, ಬೆಲ್ಟು ಇನ್ನೂರ ಹತ್ತು. ಕೂಲಿ ಬರೆಯುವಂತಿಲ್ಲ, ಗಿರಾಕಿ ಮಗಳು.

ಸ್ಪಂದನಾ ನಾಳೆ ಗೆಳತಿಯರ ಜೊತೆ ಸೈಕಲ್ಲಿನಲ್ಲಿ ಎಚ್.ಡಿ. ಕೋಟೆಗೆ ಹೊರಟಿದ್ದಾಳೆ. ಆನ್‌ಲೈನಿನಲ್ಲಿ ಸೈಕಲ್ ಬ್ಯಾಗಿಗೆ ಆರು ಸಾವಿರ ಅಂದಳು. "ಇಪ್ಪತ್ತು ವರ್ಷದಿಂದ ಸೀಟ್ ಕವರ್ ಹೊಲಿಯೋನು ಮನೇಲವ್ನೆ, ಬುಡವ್ವ" ಎಂದು ನಾನೇ ಮೇಲೆ ಬಿದ್ದು ಒಪ್ಪಿಕೊಂಡೆ. ಸೈಕಲ್ಲಿನ ಮೂರು ಕಂಬಿಗಳ ನಡುವೆ ಕೂರುವ ಮೂರು ಮೂಲೆಯ ಬ್ಯಾಗು. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

ತಪ್ಪಿದ್ದು ತುಂಬುವುದರಲ್ಲಿ. ಹರಾಜಿಗೆ ಹೋಗುವ ತಂಬಾಕಿನ ಮೂಟೆ, ಅಂದರೆ ಬೇಲ್, ತುಳಿದು ಬೆಳೆದ ಕಾಲು ನನ್ನದು. ಬಟ್ಟೆ, ಕಂಬಳಿ ಎಲ್ಲ ತುರುಕಿ, ಮೇಲೆ ನಿಂತು ತುಳಿದೆ. ಜಿಪ್ಪು ಎಳೆಯುವಷ್ಟರಲ್ಲಿ ಬ್ಯಾಗು ಹಲಸಿನಹಣ್ಣಾಗಿತ್ತು. ಅದನ್ನು ಸೈಕಲ್ಲಿಗೆ ಕಟ್ಟಿಕೊಂಡ ಮಗಳು, ತಾಗದಿರಲೆಂದು ಮಂಡಿ ಅಗಲಿಸಿ, ಬೀದಿಯ ಕೊನೆಯವರೆಗೆ ಬಾತುಕೋಳಿಯಂತೆ ಹೋಗಿ ಬಂದಳು.

"ನಾನು ಹೋಗಕಿಲ್ಲ ಬುಡಪ್ಪ, ಎಲ್ರೂ ನಗ್ತಾರೆ."

ಆರು ತಿಂಗಳಿಂದ ಕಾದಿದ್ದ ಹುಡುಗಿ.

ಹೆಂಡತಿ ಸುನಂದಾ ಬಂದು ನೋಡಿದಳು. "ಇಂಗ್ ತುಳ್ದಿದ್ದೀರಲ್ಲ, ಮಗಳ್ನ ಅರಾಜಿಗೆ ಕಳುಸ್ತೀರಾ?" ಎಂದು ಕಂಬಳಿಯನ್ನು ಹೊರಗೆಳೆದು, ಸುರುಳಿ ಸುತ್ತಿ ಹ್ಯಾಂಡಲ್ಲಿಗೆ ಕಟ್ಟಿದಳು. ಬ್ಯಾಗು ಚಪ್ಪಟೆಯಾಯಿತು, ಮಂಡಿ ಸಲೀಸಾಗಿ ಆಡಿತು.

ಮಗಳಿಗೆ ಕೋಟೆ ಸಿಕ್ಕಿತು. ಸುನಂದಾಳಿಗೆ ಒಂದು ವಾರ ಆಡಿಕೊಳ್ಳಲು ಮಾತು ಸಿಕ್ಕಿತು. ನನಗೆ, ಬ್ಯಾಗು ತುಂಬುವ ಕೆಲಸದಿಂದ ಕಾಯಂ ರಜೆ.