ಹುಳದ ಮನೆಯ ಆರು ಯಂತ್ರಗಳು

ತೋಟದ ಮನೆ, ಕುದೂರು,
ಮಾಗಡಿ ತಾಲ್ಲೂಕು
೧೨ ಜನವರಿ ೨೦೨೬, ಸೋಮವಾರ

ಗೆಳೆಯ ರಸೂಲನಿಗೆ ಜಯಕುಮಾರನ ಸಲಾಮು.

ಕ್ಷೇಮ ಸಮಾಚಾರಕ್ಕೆ ಈ ಕಾಗದದಲ್ಲಿ ಜಾಗವಿಲ್ಲ. ನಿನ್ನ ಮೊಣಕಾಲು ನೋವನ್ನು ಇನ್ನೊಮ್ಮೆ ವಿಚಾರಿಸುತ್ತೇನೆ. ಫೋನಿನಲ್ಲಿ ನಿನ್ನೊಡನೆ ವಾದಿಸುವುದು ಸಾಧ್ಯವಿಲ್ಲ. ನಾನು ಎರಡನೆಯ ಅಂಶಕ್ಕೆ ಬರುವಷ್ಟರಲ್ಲಿ ನೀನು ನಗಲು ಶುರುಮಾಡುತ್ತೀಯ. ಮೊನ್ನೆ ಶನಿವಾರವೂ ಅದನ್ನೇ ಮಾಡಿದೆ. "ಲೇ ಜಯಾ, ನಿನ್ ಸೊಸೆ ನಿನ್ಗಿಂತ ಬುದ್ವಂತೆ ಕಣ್ಲಾ, ಒಪ್ಕೊಂಬುಡು" ಎಂದು ನಕ್ಕೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಪರವಾಗಿ, ನೀನು ವಿರೋಧವಾಗಿ ಮಾತಾಡುತ್ತಿದ್ದಾಗಲೂ ಇದೇ ನಿನ್ನ ವಿದ್ಯೆಯಾಗಿತ್ತು. ಸಭೆ ನಿನ್ನ ಜೊತೆ ನಗುತ್ತಿತ್ತು, ಪಾರಿತೋಷಕ ನನ್ನ ಕೈಗೆ ಬರುತ್ತಿತ್ತು. ಆದ್ದರಿಂದ ಬರೆಯುತ್ತಿದ್ದೇನೆ. ನಾಳೆ ರೇಷ್ಮೆಗೂಡು ಮಾರಲು ರಾಮನಗರಕ್ಕೆ ಬರುವ ನಮ್ಮ ಪಕ್ಕದ ತೋಟದ ಕೆಂಚಮ್ಮನ ಗಂಡ ಇದನ್ನು ನೂಲು ತೆಗೆಯುವ ನಿನ್ನ ಫಿಲೇಚರಿಗೇ ತಂದುಕೊಡುತ್ತಾನೆ. ಮೊದಲು ನೀನೊಬ್ಬನೇ ಓದು. ಆಮೇಲೆ ಮಗಳು ಆಯಿಷಾಳನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದು.

ನನ್ನ ದೂರು ನಿನ್ನ ಮಗಳ ಮೇಲಲ್ಲ. ಅವಳು ಕೆಲಸ ಮಾಡುವ ನೆರೆಗಣಕ ಕಂಪನಿಯ ಮೇಲೆ. ಅವರು ಊರೂರು ತಿರುಗಿ ಹೇಳುವುದೇನು? ಮನೆ, ಅಂಗಡಿ, ಶಾಲೆಗಳಲ್ಲಿ ಕಂಪ್ಯೂಟರುಗಳು ದಿನದ ಬಹುಪಾಲು ಸುಮ್ಮನೆ ಕೂತಿರುತ್ತವೆ. ಆ ಬಿಡುವಿನ ಶಕ್ತಿಯನ್ನು ನಮಗೆ ಕೊಡಿ. ದೂರದ ದೊಡ್ಡ ಯಂತ್ರಾಗಾರಕ್ಕೆ ಕಳುಹಿಸಬೇಕಾದ ಲೆಕ್ಕಗಳನ್ನು ಇಲ್ಲೇ ಹತ್ತಿರದಲ್ಲಿ ಮಾಡಿಸಿಕೊಳ್ಳುತ್ತೇವೆ. ಅದಕ್ಕೆ ತಿಂಗಳು ತಿಂಗಳು ನಿಮಗೆ ಹಣ ಕೊಡುತ್ತೇವೆ. ಹೆದ್ದಾರಿಯ ಕ್ಯಾಮೆರಾ ಕಂಡದ್ದನ್ನು ಓದುವುದು, ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳನ್ನು ವಿಂಗಡಿಸುವುದು, ಇಂಥವೇ ಕೆಲಸಗಳಂತೆ. ಆಯಿಷಾ ನನಗೆ ಬಿಡಿಸಿ ಹೇಳಿದಳು: "ಹೊಲ ಖಾಲಿ ಬಿದ್ದಿದ್ರೆ ಪಾಲಿಗೆ, ವಾರಕ್ಕೆ ಕೊಡೋದಿಲ್ವಾ ಅಂಕಲ್, ಹಂಗೇ ಇದೂನೂವೆ." ಹೋಲಿಕೆ ಚೆನ್ನಾಗಿದೆ. ಅದನ್ನು ಅವಳು ಮರೆಯದಿರಲಿ, ನಾನು ಮತ್ತೆ ಅಲ್ಲಿಗೇ ಬರುತ್ತೇನೆ.

ಮುಂದಿನದರಲ್ಲಿ ನಿನಗೆ ಗೊತ್ತಿರುವುದೂ ಇದೆ. ಅವಳ ಮೇಲಿನವರಿಗೆ ಗೊತ್ತಿಲ್ಲವಾದ್ದರಿಂದ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಇದೇ ಪುಷ್ಯ ಮಾಸದಲ್ಲಿ ನನ್ನ ಮಗ ಅಶ್ವಥ ನಮ್ಮ ರೇಷ್ಮೆ ಹುಳದ ಮನೆಯಲ್ಲಿ ತೀರಿಕೊಂಡ. ನೀನು ಮಣ್ಣಿಗೆ ಬಂದಿದ್ದೆ. ಚಳಿಗೆ ಹುಳ ಕೆಡಬಾರದೆಂದು ಬಾಗಿಲು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಇದ್ದಲಿನ ಅಗ್ಗಿಷ್ಟಿಕೆ ಹಚ್ಚಿಕೊಂಡು ಹುಳಗಳ ಜೊತೆ ಒಳಗೇ ಕೂತಿದ್ದ. ಬೆಳಗಿನ ಸೊಪ್ಪು ಹಾಕಲು ಹೋದ ಅವನ ಹೆಂಡತಿ ಭಾನುಪ್ರಿಯ ಬಾಗಿಲು ತೆಗೆದಾಗ ಹುಳ ಬದುಕಿದ್ದವು. ಇದ್ದಲಿನ ಆ ವಿಷಕ್ಕೆ ವಾಸನೆಯೇ ಇರುವುದಿಲ್ಲವೆಂದು ವೈದ್ಯರು ಹೇಳಿದರು. ಚಳಿಗಾಲದಲ್ಲಿ ಇದ್ದಲು ಹಚ್ಚುವುದು ನಮ್ಮ ಮನೆಯೊಂದರ ರೂಢಿಯಲ್ಲ, ಈ ಸೀಮೆಯಲ್ಲಿ ಎಲ್ಲರ ರೂಢಿ. ಅದರಲ್ಲಿ ಯಾರ ತಪ್ಪೂ ಇಲ್ಲ. ನಾನು ಆ ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಟ್ರಂಕಿನಲ್ಲಿಟ್ಟೆ.

ಭಾನುಪ್ರಿಯ ಅದಕ್ಕೆ ಮೊದಲು ಕುದೂರಿನಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದಳು. ಗಂಡ ಹೋದ ಮೇಲೆ ಅದನ್ನೂ ಮುಚ್ಚಿದಳು. ಆರು ಯಂತ್ರಗಳು ಗೋಣಿತಾಟು ಹೊದ್ದುಕೊಂಡು ನಡುಮನೆಯ ಮೂಲೆಯಲ್ಲಿ ಬಿದ್ದಿದ್ದವು. ಕಳೆದ ತಿಂಗಳು ನಾನು ಕಣ್ಣಿನ ಪೊರೆ ತೆಗೆಸಿಕೊಂಡು ಕನಕಪುರದಲ್ಲಿ ಮಗಳು ಲತಾಮಣಿಯ ಮನೆಯಲ್ಲಿ ಮೂರು ವಾರ ಕೂತಿದ್ದೆನಲ್ಲ, ಆಗ ಈಕೆ ಟ್ರಂಕಿನಿಂದ ಬೀಗದ ಕೈ ತೆಗೆದಳು. ಹುಳದ ಮನೆಯನ್ನು ತೊಳೆಸಿ ಮತ್ತೆ ಹುಳ ಸಾಕಲು ಶುರುಮಾಡಿದಳು. ಆರು ಯಂತ್ರಗಳನ್ನೂ ಅದರ ಮುಂಗೋಣೆಯಲ್ಲಿ ಸಾಲಾಗಿ ಇರಿಸಿ, ಆಯಿಷಾಳನ್ನು ಕರೆಸಿ ನೆರೆಗಣಕಕ್ಕೆ ಸೇರಿಸಿದಳು. ಬಿಡುವಿಲ್ಲದೆ ಲೆಕ್ಕ ಮಾಡುವ ಯಂತ್ರ ಕಾಯುತ್ತದೆ, ರಸೂಲ್. ನಡುಗೋಡೆಯ ತಳದಲ್ಲಿ ಎರಡು ಕಿಂಡಿ ಕೊರೆಸಿ, ಒಂದು ಫ್ಯಾನು ಇಟ್ಟು, ಆ ಕಾವನ್ನೆಲ್ಲ ಹುಳುಗಳ ಕಡೆಗೆ ತಿರುಗಿಸಿದಳು. ಗಾಳಿ ಒಣಗದಿರಲೆಂದು ಕಿಂಡಿಯ ಮುಂದೆ ಒದ್ದೆ ಗೋಣಿ ತೂಗುಹಾಕಿದಳು. ಕಂಪನಿಯ ಹಣ ಕರೆಂಟು ಬಿಲ್ಲಿಗೆ ಸರಿಹೋಗುತ್ತದೆ, ಬಿಸಿ ಪುಕ್ಕಟೆ ಉಳಿಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕಂಪನಿಯಲ್ಲಿ ಸಂಬಳ ಎಣಿಸುವ ಒಬ್ಬನಿಗೂ ಹೊಳೆದಿರಲಿಲ್ಲ.

ನನಗೂ ಯಾರೂ ಹೇಳಿರಲಿಲ್ಲ. ಗುರುವಾರ ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡು ಕುದೂರಿನಲ್ಲಿ ಬಸ್ಸು ಇಳಿದೆ. ಕೆಂಚಮ್ಮ ಸೊಪ್ಪಿನ ಹೊರೆ ಹೊತ್ತು ಎದುರಿಗೆ ಸಿಕ್ಕವಳು, "ಏನ್ ಗೌಡ್ರೇ, ನಿಮ್ ಸೊಸೆ ಹುಳಕ್ಕೆ ಕಂಪ್ಯೂಟ್ರು ಕಲಿಸ್ತಾವ್ಳೆ! ಒಸಿ ದಿನ ತಡೀರಿ, ಗೂಡ್ನೂ ಆನ್‌ಲೈನಾಗೇ ಕಟ್ತಾವೆ" ಅಂದಳು. ಜಗಲಿಯ ಮೇಲೆ ಕೂತಿದ್ದ ನಾಲ್ವರು ನಕ್ಕರು.

ಅಂದು ಮೂರು ಗಂಟೆಗೆ ನಮ್ಮ ಮನೆಯವರೊಬ್ಬರು ಹುಳದ ಮನೆಯ ಫ್ಯೂಸು ಕಿತ್ತರು. ಐದೂವರೆಗೆ ಮತ್ತೆ ಹಾಕಿದರು. ನಡೆದದ್ದು ಇಷ್ಟು.

ಇನ್ನು ಕಂಪನಿಯ ವರ್ತನೆಗೆ ಬರುತ್ತೇನೆ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಯಂತ್ರ ಆರಿದರೆ ಕಾರಣ ಬರೆಯಬೇಕೆಂಬುದು ಅವರ ನಿಯಮ. ಭಾನುಪ್ರಿಯ "ಕರೆಂಟು ಹೋಗಿತ್ತು" ಎಂದು ಬರೆದಳು. ಶುಕ್ರವಾರ ಬೆಳಗ್ಗೆ ಅವಳ ಫೋನಿಗೆ ಬಂದ ಸಂದೇಶವನ್ನು ಅಕ್ಷರ ಬಿಡದೆ ಬರೆಯುತ್ತೇನೆ: "ನೀವು ನೀಡಿದ ಕಾರಣ ಸುಳ್ಳೆಂದು ಕಂಡುಬಂದಿದೆ. ನೀವು ವಿಶ್ವಾಸಾರ್ಹರಲ್ಲ. ನಿಮ್ಮ ಖಾತೆಯನ್ನು ಮುಚ್ಚಲಾಗಿದೆ." ಎರಡು ವರ್ಷ ಒಂದು ಹನಿ ಕಣ್ಣೀರನ್ನೂ ಎದುರಿಗೆ ತೋರಿಸದೆ ನನ್ನ ಮನೆ ನಡೆಸಿದ ಹೆಣ್ಣುಮಗಳಿಗೆ ಮುಖವಿಲ್ಲದ ಒಂದು ಕಂಪನಿ ವಿಶ್ವಾಸಾರ್ಹಳಲ್ಲ ಎಂದು ಬರೆಯುತ್ತದೆ!

ಅವರನ್ನು ನಾನು ಕೇಳುತ್ತೇನೆ. ನೀವು ಬೇಡಿದ್ದು ಬಿಡುವಿನ ಶಕ್ತಿಯನ್ನು ತಾನೆ? ಬಿಡುವು ಯಾರದು? ಒಡೆಯರದ್ದಾದರೆ, ಬೇಕೆನಿಸಿದಾಗ ಕೊಡುವ, ಬೇಡವೆನಿಸಿದಾಗ ಆರಿಸುವ ಹಕ್ಕೂ ಅವರದ್ದೇ. ಕಾರಣ ಕೇಳಲು ನೀವು ಯಾರು? ಅಲ್ಲ, ಆರಿಸುವುದು ಅಪರಾಧವೆನ್ನುವಿರಾದರೆ ಅದು ಬಿಡುವಲ್ಲ, ನೌಕರಿ. ನೌಕರಿಯಿಂದ ತೆಗೆಯುವ ಮುನ್ನ ನೋಟಿಸು ಕೊಡಬೇಕು, ಎದುರಿಗೆ ಕರೆದು ಅಹವಾಲು ಕೇಳಬೇಕು. ಒಬ್ಬ ಜವಾನನನ್ನು ತೆಗೆಯುವುದಕ್ಕೂ ಇಷ್ಟು ಮಾಡುತ್ತಾರೆ. ಹಣ ಕೊಡುವಾಗ ಇದು ನೌಕರಿಯಲ್ಲ, ದಂಡಿಸುವಾಗ ಮಾತ್ರ ನೌಕರಿ. ಈ ಎರಡು ದೋಣಿಯ ಪಯಣವನ್ನು ನಾನು ಯಾವ ವೇದಿಕೆಯಲ್ಲಾದರೂ ಖಂಡಿಸಲು ಸಿದ್ಧ. ಆಯಿಷಾಳ ಹೋಲಿಕೆಯನ್ನೇ ತೆಗೆದುಕೋ. ಹೊಲದ ಒಡತಿ ಭಾನುಪ್ರಿಯ, ವಾರಕ್ಕೆ ಮಾಡುವವರು ಇವರು. ಒಂದು ಮಧ್ಯಾಹ್ನ ಗೇಟು ಹಾಕಿತ್ತೆಂದು ವಾರದವನು ಒಡತಿಯನ್ನೇ ಹೊಲದಿಂದ ಹೊರಗೆ ಹಾಕಿದ್ದನ್ನು ನಿನ್ನ ಅರವತ್ತು ವರ್ಷದಲ್ಲಿ ಎಲ್ಲಾದರೂ ಕಂಡಿದ್ದೀಯಾ?

ಈಗ ಆ ಯಂತ್ರಗಳಿಗೆ ಕರೆಂಟಿದೆ, ಕೆಲಸವಿಲ್ಲ. ಕೆಲಸವಿಲ್ಲದ ಯಂತ್ರ ಕಲ್ಲಿನಷ್ಟು ತಣ್ಣಗಿರುತ್ತದೆ. ಸುಳ್ಳು ಲೆಕ್ಕ ಮಾಡಿಸಿ ಕಾಯಿಸಬಹುದಂತೆ, ಆದರೆ ಆ ಬಿಲ್ಲು ಕಟ್ಟುವುದು ತನ್ನಿಂದ ಆಗದೆಂದು ಭಾನುಪ್ರಿಯ ಹೇಳುತ್ತಾಳೆ. ನಾನು ಕಟ್ಟುತ್ತೇನೆಂದೆ. ಕೇಳಿಸದವಳಂತೆ ಒಳಗೆ ಹೋದಳು. ಗುರುವಾರಕ್ಕೆ ಹುಳ ನಾಲ್ಕನೆಯ ಜ್ವರಕ್ಕೆ ಕೂರುತ್ತವೆ. ಪೊರೆ ಬಿಡಲು ಅವು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಒಂದು ದಿನ ಅಲುಗಾಡದೆ ಕೂರುವ ಹೊತ್ತು ಅದು. ಗೂಡು ಬಿಚ್ಚಿ ನೂಲು ತೆಗೆಯುವ ನಿನಗೆ ನಾನು ಹೇಳಬೇಕಿಲ್ಲ, ಆ ಹೊತ್ತಿನಲ್ಲಿ ಚಳಿ ತಗುಲಿದರೆ ನಿನ್ನ ಬೇಸಿನ್ನಿಗೆ ಬರುವುದು ನೂಲಿಲ್ಲದ ಸಿಪ್ಪೆ. ಅದಕ್ಕಾಗಿ ಭಾನುಪ್ರಿಯ ಅಟ್ಟದಿಂದ ಅಗ್ಗಿಷ್ಟಿಕೆ ಇಳಿಸಿದ್ದಾಳೆ, ರಸೂಲ್. ಅದೇ ಅಗ್ಗಿಷ್ಟಿಕೆ. ನಾಲ್ಕು ದಿನದಿಂದ ನಾನು ಹುಳದ ಮನೆಯ ಹೊಸ್ತಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಬಾಗಿಲು ಮುಚ್ಚಲು ಬಿಡುವುದಿಲ್ಲ. "ಬಾಗ್ಲು ತೆಗೆದ್ರೆ ಹುಳ ಹೋಯ್ತವೆ ಮಾವ" ಎನ್ನುತ್ತಾಳೆ. ಮುಚ್ಚಿದರೆ ಏನು ಹೋಗುತ್ತದೆಂದು ನಮ್ಮಿಬ್ಬರಿಗೂ ಗೊತ್ತು. ಬುಧವಾರ ಸಂಜೆಯೊಳಗೆ ಕಂಪನಿ ಆ ಆರು ಯಂತ್ರಗಳಿಗೆ ಕೆಲಸ ಕೊಡಬೇಕು. ನಾನು ಕೇಳುವುದು ಇಷ್ಟೇ.

ಇದನ್ನೇ ಶುಕ್ರವಾರ ಫೋನಿನಲ್ಲಿ ಆಯಿಷಾಳಿಗೂ ಹೇಳಿದೆ. ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡಳು. "ಅಂಕಲ್, ನೀವು ಹೇಳೋದೆಲ್ಲ ನಿಜ, ಆದ್ರೆ ಆ ಹೊತ್ನಲ್ಲಿ ನಿಮ್ಮ ಲೈನಿನ ಹಾಲಿನ ಡೈರಿ ಕಂಪ್ಯೂಟ್ರು ಓಡ್ತಾನೇ ಇತ್ತು. ಕರೆಂಟ್ ಹೋಗಿರ್ಲಿಲ್ಲ. ಆಫ್ ಮಾಡಿದ್ದು ಯಾರು ಅಂತ ಅವರೇ ಬರೆದು ಸೈನ್ ಹಾಕಿಕೊಟ್ರೆ, ಅಕ್ಕಂದು ತಪ್ಪಿಲ್ಲ ಅಂತ ನಾನು ಮೇಲೆ ಹೇಳಿ ಒಂದೇ ದಿನದಲ್ಲಿ ಖಾತೆ ಮತ್ತೆ ತೆಗೆಸ್ತೀನಿ. ಯಾರು ಅಂಕಲ್?" ಎಂದಳು.

ನಾನು ಫೋನು ಇಟ್ಟೆ. ಮರುದಿನ ನಿನಗೆ ಮಾಡಿದೆ, ನೀನು ನಕ್ಕೆ.

ನಮ್ಮ ಮನೆಯಲ್ಲಿ ಇರುವವರು ಮೂವರು. ಗುರುವಾರ ಮೂರು ಗಂಟೆಗೆ ಭಾನುಪ್ರಿಯ ಹುಳದ ಮೇಲೆ ಉದುರಿಸುವ ಸುಣ್ಣದ ಪುಡಿ ತರಲು ಪೇಟೆಗೆ ಹೋಗಿದ್ದಳು. ಏಳು ವರ್ಷದ ಮೊಮ್ಮಗಳು ಪುಟ್ಟಿ ಶಾಲೆಯಲ್ಲಿದ್ದಳು. ತೀರ್ಪುಗಾರರಿಗೆ ಇಷ್ಟು ಸಾಕು. ಕಂಪನಿಗೆ ಸಾಲದಂತೆ, ಆದ್ದರಿಂದ ಬೇರೆ ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಆಯಿಷಾಳಿಗೆ ಕೊಡು. ಅದರ ಒಕ್ಕಣೆ ಹೀಗಿದೆ:

"ಕುದೂರಿನ ನಿವಾಸಿ ಜಯಕುಮಾರ್ ಆದ ನಾನು ೮ ಜನವರಿಯಂದು ಮಧ್ಯಾಹ್ನ ಮೂರು ಗಂಟೆಗೆ, ಯಾರನ್ನೂ ಕೇಳದೆ, ನನ್ನ ಸೊಸೆ ಭಾನುಪ್ರಿಯಳ ಆರು ಯಂತ್ರಗಳ ಫ್ಯೂಸು ಕಿತ್ತು ಜೇಬಿನಲ್ಲಿ ಇಟ್ಟುಕೊಂಡೆನು. ನನ್ನ ಮಗ ತೀರಿಕೊಂಡ ಜಾಗದಲ್ಲಿ ದೀಪಗಳು ಮಿನುಗುತ್ತಿದ್ದವು, ಯಾರೋ ಪರಸ್ಥಳದವರ ಕೆಲಸ ಗುಂಯ್ಗುಡುತ್ತ ನಡೆದಿತ್ತು; ಅವನ ಜಾಗವನ್ನು ಬಾಡಿಗೆಗೆ ಕೊಟ್ಟರೆಂದು ನಾನು ತಿಳಿದೆನು. ಹುಳುಗಳ ಕಡೆಗೆ ನಾನು ನೋಡಲಿಲ್ಲ. ಫ್ಯೂಸು ಎಲ್ಲಿ ಎಂದು ಭಾನುಪ್ರಿಯ ಎರಡು ಸಲ ಕೇಳಿದಾಗ ಉತ್ತರಿಸಲಿಲ್ಲ. ಐದೂವರೆಗೆ ಹಿತ್ತಿಲಿನಲ್ಲಿ ಪುಟ್ಟಿ ಅಗ್ಗಿಷ್ಟಿಕೆಗೆ ಮೊರದಿಂದ ಗಾಳಿ ಹಾಕುತ್ತಿದ್ದುದನ್ನು ಕಂಡು ನಾನೇ ಹೋಗಿ ಫ್ಯೂಸನ್ನು ಸ್ವಸ್ಥಾನದಲ್ಲಿ ಇಟ್ಟೆನು. ಕರೆಂಟು ಹೋಗಿತ್ತೆಂದು ಭಾನುಪ್ರಿಯ ಬರೆದದ್ದು ನನ್ನ ಮರ್ಯಾದೆ ಉಳಿಸಲು. ತಪ್ಪು ನನ್ನದು. ವಿಶ್ವಾಸಾರ್ಹನಲ್ಲದವನು ನಾನು, ಅವಳಲ್ಲ."

ಭಾಷೆಯಲ್ಲಿ ಏನಾದರೂ ದೋಷವಿದ್ದರೆ ತಿದ್ದಬೇಡ, ಹಾಗೆಯೇ ಹೋಗಲಿ. ಭಾನುಪ್ರಿಯಳಿಗೆ ಇದನ್ನು ಓದಿ ತೋರಿಸಿಯೇ ಸಹಿ ಹಾಕಿದ್ದೇನೆ. ಅವಳು "ದಿನಾಂಕ ಹಾಕಿದ್ದೀರಾ?" ಎಂದು ಮಾತ್ರ ಕೇಳಿದಳು. ಆದರೆ ನನ್ನ ಒಪ್ಪಿಗೆಯಿಂದ ಕಂಪನಿಯ ಅನ್ಯಾಯ ನ್ಯಾಯವಾಗುವುದಿಲ್ಲವೆಂದು ಆಯಿಷಾ ತನ್ನ ಮೇಲಿನವರಿಗೆ ಸ್ಪಷ್ಟವಾಗಿ ತಿಳಿಸಲಿ. ಆ ಮೊಕದ್ದಮೆ ಬೇರೆ. ಹುಳ ಗೂಡು ಕಟ್ಟಿದ ಮೇಲೆ ಅದಕ್ಕೆ ಕೈ ಹಾಕುತ್ತೇನೆ.

ಹೊಸ್ತಿಲ ಮೇಲಿನ ಕುರ್ಚಿಯಿಂದ,
ನಿನ್ನ ಎದುರಾಳಿ
ಜಯಕುಮಾರ

ಮರೆತ ಮಾತು: ಇದನ್ನು ಆಯಿಷಾಳಿಗೆ ಓದಬೇಡ. ನಿನ್ನೆ ಮಾಗಡಿಗೆ ಹೋಗಿ ಕರೆಂಟಿನ ಹೀಟರೊಂದನ್ನು ತಂದು ಹುಳದ ಮನೆಯ ಮುಂದೆ ಇಟ್ಟೆ. ಭಾನುಪ್ರಿಯ ಪೆಟ್ಟಿಗೆ ಬಿಚ್ಚಲಿಲ್ಲ. "ಇದ್ನ ಅವ್ರು ಕೇಳಿದ್ರಲ್ಲ ಮಾವ, ಆಗ" ಎಂದಳು, ಅಷ್ಟೇ. ಮರೆತೆ ಎಂದು ಮೇಲೆ ಬರೆದೆ, ಅದೂ ಸುಳ್ಳು. ಅಶ್ವಥ ಹೀಟರು ಕೇಳಿದ್ದ, ಹೋಗುವುದಕ್ಕೆ ಹತ್ತು ದಿನ ಮೊದಲು, ಊಟಕ್ಕೆ ಕೂತಾಗ. ಬೇಡ ಎಂದು ಗದರಿ ಬಿಡಬಹುದಿತ್ತು. ಗದರಿದ್ದರೆ ಹಟಕ್ಕಾದರೂ ತರುತ್ತಿದ್ದನೇನೋ. ನಾನು ವಾದಿಸಿದೆ. ಕರೆಂಟನ್ನು ನೆಚ್ಚುವಂತಿಲ್ಲ, ಒಣ ಬಿಸಿಗೆ ಸೊಪ್ಪು ಬಾಡುತ್ತದೆ, ನನ್ನಪ್ಪನ ಕಾಲದಿಂದ ಇದ್ದಲಿನಲ್ಲೇ ಬೆಳೆ ತೆಗೆದಿದ್ದೇವೆ ಎಂದೆ. ಒಂದೊಂದಕ್ಕೂ ನಿದರ್ಶನ ಕೊಟ್ಟೆ. ಅವನಿಗೆ ಮಾತು ಬರುತ್ತಿರಲಿಲ್ಲ, ನಿನಗೆ ಗೊತ್ತು. "ನೀನ್ ಹೇಳೋದೂ ಸರಿ ಕಣಪ್ಪ" ಎಂದು ಕೈ ತೊಳೆಯಲು ಎದ್ದ. ಗೆದ್ದೆನೆಂದು ನನಗೆ ಅಂದು ಸಂತೋಷವಾಗಿತ್ತು, ರಸೂಲ್.