ಮಹಾರಾಜರು ವಿಶ್ರಾಂತಿಯಲ್ಲಿದ್ದಾರೆ

ಜೂನ್ 9, ಸೋಮವಾರ, ಬೆಳಿಗ್ಗೆ 6.20

ಶ್ರೀಮನ್ಮಹಾರಾಜಾಧಿರಾಜ, ಬಿರುದೆಂತೆಂಬರಗಂಡ, ಆರುನೂರು ಡಿಗ್ರಿ ಕುಲುಮೆಯ ಸಿಂಹಾಸನಾಧೀಶ್ವರ, ಉಕ್ಕಿನ ಕಡ್ಡಿ ಪ್ರಭುಗಳವರ ದಿವ್ಯ ಸನ್ನಿಧಾನಕ್ಕೆ — ಪಾದಸೇವಕನಾದ ಮೂರನೇ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಈ ಪ್ರಾತಃಕಾಲ ತಾವು 1.62 ಮಿಲಿಮೀಟರ್ ಹಿಗ್ಗಿರುವುದನ್ನು ಕಂಡು ಕೃತಾರ್ಥನಾದೆ. ನಿನ್ನೆ ಸಂಜೆಯೂ 1.62. ಮೊನ್ನೆ 1.61. ಇದನ್ನು ನೋಡಲು ಸಮುದ್ರ ದಾಟಿ ಬಂದೆ.

ಕೆಲಸ ಇಷ್ಟೇ. ಬೆಸುಗೆ ಹಾಕಿದ ಕಡ್ಡಿಯೊಂದು, ಕಿರುಬೆರಳಿನ ದಪ್ಪ, ಐದು ತಿಂಗಳಿಂದ ಕುಲುಮೆಯೊಳಗೆ ಬೇಯುತ್ತಿದೆ. ಅದರ ಮೇಲೆ ಭಾರ ಬೀಳುವಂತೆ ತೂಕ ನೇತುಹಾಕಿದ್ದಾರೆ. ಎಷ್ಟು ಹಿಗ್ಗುತ್ತೆ, ಯಾವತ್ತು ಕಡಿಯುತ್ತೆ — ಅದೇ ಸಂಶೋಧನೆ. ತಾನಾಗಿ ಲೆಕ್ಕ ಇಡುವ ರೆಕಾರ್ಡರ್ ಕೆಟ್ಟು ರಿಪೇರಿಗೆ ಹೋಗಿದೆ. ಸದ್ಯಕ್ಕೆ ರೆಕಾರ್ಡರ್ ನಾನೇ. ಬೆಳಿಗ್ಗೆ ಆರು, ಸಂಜೆ ಆರು — ಡಯಲ್ ನೋಡು, ಲಾಗ್ ಬುಕ್ಕಿನಲ್ಲಿ ಬರೆ, ಸಹಿ ಹಾಕು. ಎಂಟು ವಾರದ ಅಂತಾರಾಷ್ಟ್ರೀಯ ಸಂಶೋಧನಾನುಭವ! ಕಾಲೇಜಿನಿಂದ ಆಯ್ಕೆಯಾದವನು ನಾನೊಬ್ಬನೇ. ಪ್ರಿನ್ಸಿಪಾಲರು ಮೈಕ್ ಹಿಡಿದು ಕಣ್ಣೊರೆಸಿಕೊಂಡಿದ್ದರು.

ಜೂನ್ 12, ಗುರುವಾರ

ಲ್ಯಾಬಿನ ಟೆಕ್ನಿಶಿಯನ್‌ಗೆ ಅರವತ್ತರ ಹತ್ತಿರ. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಬಾಯಿಗೆ ಬರಲಿಲ್ಲ. ಮಾಮ ಅಂದೆ.

“ಹಾಗಂದ್ರೆ?”

“ಅಮ್ಮನ ತಮ್ಮ.”

“ನಿಮ್ಮಮ್ಮನಿಗೆ ಇಷ್ಟು ಮುದುಕ ತಮ್ಮನಾ? ಪಾಪ, ಅವರಿಗೆ ತಿಳಿಸಬೇಡ.”

ನೀವು ನನ್ನನ್ನು ಅಳಿಯ ಅನ್ನಬೇಕು ಅಂತ ಕಲಿಸಿದೆ. ಈಗ ಕಾರಿಡಾರಿನ ಆ ತುದಿಯಿಂದ ಕೂಗುತ್ತಾರೆ, ಅಳಿಯಾ! ಳಕಾರಕ್ಕೆ ನಾಲಿಗೆ ಮಡಚಲಾರದೆ ಒದ್ದಾಡುತ್ತಾರೆ.

ಕಡ್ಡಿಯ ಒಡತಿ ಪಿಎಚ್.ಡಿ. ಅಕ್ಕ. ನಮ್ಮ ಕಡೆಯವಳೇ, ಇಲ್ಲಿಗೆ ಬಂದು ಐದು ವರ್ಷ. ನನ್ನನ್ನು ಕಪಿ ಅನ್ನುತ್ತಾಳೆ. ತಕರಾರಿಲ್ಲ.

ಜೂನ್ 19, ಗುರುವಾರ

ರಾಜಾಜ್ಞೆ ಹೊರಡಿಸಿದೆ. ರಟ್ಟಿನ ಬೋರ್ಡು, ಕೆಂಪು ಮಾರ್ಕರು, ಎಲ್ಲರಿಗೂ ಅರ್ಥವಾಗಲಿ ಅಂತ ಇಂಗ್ಲಿಷಿನಲ್ಲಿ — “ಮಹಾರಾಜರು ವಿಶ್ರಾಂತಿಯಲ್ಲಿದ್ದಾರೆ. ಮುಟ್ಟಿದವರ ತಲೆದಂಡ.” ಕೆಳಗೆ ಆಲೂಗಡ್ಡೆ ಕೆತ್ತಿ ಒತ್ತಿದ ರಾಜಮುದ್ರೆ. ಕುಲುಮೆಗೆ ತಗುಲಿಸಿದೆ. ಅಕ್ಕ ನಕ್ಕು ನಕ್ಕು, “ಇರಲಿ ಬಿಡು” ಅಂದಳು. ನಾಳೆ ಅವಳು ಯಾವುದೋ ಸಮ್ಮೇಳನಕ್ಕೆ ಹೊರಟಿದ್ದಾಳೆ, ಸೋಮವಾರ ವಾಪಸು.

“ಕಪಿ, ಶನಿವಾರ ಭಾನುವಾರ ನೀನೊಬ್ನೇ. ನಿನ್ನ ನಂಬಿದ್ದೀನಿ.”

ಎದೆ ಮುಟ್ಟಿ ಪ್ರಮಾಣ ಮಾಡಿದೆ. ಬಲಗಡೆಯ ಎದೆ.

ಜೂನ್ 22, ಭಾನುವಾರ, ಸಂಜೆ

ಮೈಯೆಲ್ಲ ಬಿಸಿಲಿಗೆ ಸುಟ್ಟಿದೆ. ಬೇರೆ ಇಂಟರ್ನ್‌ಗಳ ಜೊತೆ ಸರೋವರಕ್ಕೆ ಹೋಗಿದ್ದೆ — ನಿನ್ನೆ ಬೆಳಿಗ್ಗೆ ಐದಕ್ಕೇ ಬಸ್ಸು. ಈಗ ಬಂದೆ.

ಲಾಗ್ ಬುಕ್ ಶುಕ್ರವಾರದಿಂದ ನನ್ನ ರೂಮಿನಲ್ಲೇ ಇದೆ. ಮಹಾರಾಜರು ದಿನಕ್ಕೆ ಕೂದಲೆಳೆಯಷ್ಟು ಹಿಗ್ಗುತ್ತಾರೆ, ಅದನ್ನು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಶನಿವಾರ 1.70, 1.70. ಭಾನುವಾರ 1.70, 1.71. ಎರಡು ಪೆನ್ನು ಬಳಸಿದೆ. ಒಂದು ಅಂಕಿಯನ್ನು ಹೊಡೆದು ತಿದ್ದಿದೆ — ನಿಜದ ಹಾಗೆ ಕಾಣಲಿ ಅಂತ. ನಾಲ್ಕು ಸಹಿ. ಪ್ರತಿಭೆ ಅಂದರೆ ಇದಪ್ಪಾ.

ಜೂನ್ 23, ಸೋಮವಾರ

ಬೆಳಿಗ್ಗೆ ಏಳಲಾಗಲಿಲ್ಲ. ಒಂಬತ್ತಕ್ಕೆ ಹೋದೆ. ಅಕ್ಕ ಆಗಲೇ ಕುಲುಮೆಯ ಮುಂದೆ ನೆಲದ ಮೇಲೆ ಕೂತಿದ್ದಳು. ತೂಕ ಕೆಳಗೆ, ಮರಳಿನ ತಟ್ಟೆಯಲ್ಲಿ. ಕಡ್ಡಿ ಎರಡು ತುಂಡು.

ಲಾಗ್ ಬುಕ್ ಕೇಳಿದಳು. ಕೊಟ್ಟೆ.

“ನಿನ್ನೆ ಸಂಜೆ ಆರಕ್ಕೆ ಸರಿ ಇತ್ತಲ್ವಾ?”

“ಇತ್ತಕ್ಕ.”

ಬಾಯಿಂದ ತಾನಾಗಿ ಬಂತು.

ಜೂನ್ 24, ಮಂಗಳವಾರ

ವಿಚಾರಣೆ. ಲ್ಯಾಬಿಗೆ ಮೂರೇ ಬೀಗದ ಕೈ — ಅಕ್ಕ, ಮಾಮ, ನಾನು. ನಿನ್ನೆ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದವರು ಮಾಮ. ಪಕ್ಕದ ಪ್ರೆಸ್ ಯಂತ್ರದ ಬೋಲ್ಟು ತುಕ್ಕು ಹಿಡಿದಿತ್ತು, ಸುತ್ತಿಗೆಯಲ್ಲಿ ಬಡಿದು ಬಿಚ್ಚಿದ್ದಾರೆ. ಆ ಅದುರಾಟಕ್ಕೇ ಕಡ್ಡಿ ಹೋಯಿತು ಅಂತ ಲ್ಯಾಬಿನ ಮುಖ್ಯಸ್ಥ ಪ್ರೊಫೆಸರ್.

ಮಾಮ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. “ನಾನು ಬಂದಾಗಲೇ ತೂಕ ಕೆಳಗಿತ್ತು ಸರ್. ಆಮೇಲೇ ನಾನು ಸುತ್ತಿಗೆ ಮುಟ್ಟಿದ್ದು.”

“ಕೆಳಗಿದ್ರೆ ಯಾರಿಗೂ ಯಾಕೆ ಹೇಳಲಿಲ್ಲ?”

“ವಿಶ್ರಾಂತಿ ಅಂತ ಬೋರ್ಡ್ ಹಾಕಿದ್ರಲ್ಲ... ಟೆಸ್ಟ್ ನಿಲ್ಲಿಸಿದ್ದಾರೆ ಅಂದ್ಕೊಂಡೆ.”

ಯಾರೋ ಒಬ್ಬರು ನಕ್ಕರು. ಪ್ರೊಫೆಸರ್ ಲಾಗ್ ಬುಕ್ ತಿರುಗಿಸಿ ತೋರಿಸಿದರು. ಭಾನುವಾರ ಸಂಜೆ, 1.71, ಸಹಿ. “ತಾನಾಗಿ ಕಡಿಯೋ ಕಡ್ಡಿ ಅದಕ್ಕೆ ಮೊದಲು ಬೇಗ ಬೇಗ ಹಿಗ್ಗುತ್ತೆ; ಇಷ್ಟು ನಿಧಾನಕ್ಕಿದ್ದದ್ದು ಒಂದೇ ರಾತ್ರೀಲಿ ತಾನಾಗಿ ಹೋಗಲ್ಲ.”

ಹೊರಗೆ ಬಂದ ಮೇಲೆ ಮಾಮ ನನ್ನ ತೋಳು ಹಿಡಿದರು. “ಅಳಿಯ, ಸರಿಯಾಗಿ ನೆನಪು ಮಾಡ್ಕೋ. ಭಾನುವಾರ ತೂಕ ಮೇಲಿತ್ತಾ?”

“ಇತ್ತು ಮಾಮ.”

ತೋಳು ಬಿಟ್ಟು ಟೋಪಿ ಹಾಕಿಕೊಂಡರು. “ಹಾಗಾದ್ರೆ ನನ್ನ ಕಣ್ಣೇ ಮಂಜಾಗಿದೆ.”

ಜುಲೈ 2, ಬುಧವಾರ

ಎಂಟು ದಿನ ಬರೆಯಲಿಲ್ಲ. ಬೋರ್ಡು ಹರಿದು ನಾಲ್ಕು ಬೇರೆ ಬೇರೆ ಕಸದ ಡಬ್ಬಿಗೆ ಹಾಕಿದೆ.

ಮಾಮನ ಕಾಂಟ್ರಾಕ್ಟ್ ಪ್ರತಿ ಜುಲೈಗೆ ಹೊಸದಾಗಬೇಕು. ಈ ಸಲ ಮಾಡುವುದಿಲ್ಲವಂತೆ. ಹನ್ನೊಂದಕ್ಕೆ ಕೊನೆ. ನನ್ನ ಎಂಟು ವಾರವೂ ಅವತ್ತಿಗೇ ಮುಗಿಯುತ್ತದೆ.

ಅಮ್ಮನ ಫೋನು. “ಪ್ರೊಫೆಸರ್ರು ಶಿಫಾರಸು ಪತ್ರ ಕೊಡ್ತೀನಿ ಅಂದ್ರಾ? ಅದಿದ್ರೇ ಅಲ್ವೇನೋ ನಿಂಗೆ ಮುಂದೆ ಸೀಟು? ಅಕ್ಕಪಕ್ಕದವರ ಹತ್ರ ಹೇಳಿಯೂ ಆಗಿದೆ.”

“ಕೊಡ್ತಾರಮ್ಮ.”

“ಯಾಕೋ ದನಿ ಸಪ್ಪಗಿದೆ?”

“ನೆಗಡಿ.”

ಜುಲೈ 8, ಮಂಗಳವಾರ

ಮಾಮ ಇವತ್ತು ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದರು. ದೋಷ ಏನೂ ಇಲ್ಲವಂತೆ. ಆ ಸುದ್ದಿ ಹೇಳುವಾಗ ಅವರ ಮುಖ — ಇದ್ದಿದ್ದರೇ ವಾಸಿಯಿತ್ತು ಅನ್ನುವ ಹಾಗೆ. ಕಣ್ಣಲ್ಲದಿದ್ದರೆ ತಲೆಯೇ ಇರಬೇಕು, ಅವರಪ್ಪನಿಗೂ ಈ ವಯಸ್ಸಿಗೇ ಮರೆವು ಶುರುವಾಗಿತ್ತಂತೆ. ಮನೆಯಾಕೆ ಗ್ಯಾಸ್ ಒಲೆಯ ಹತ್ತಿರವೂ ಬಿಡುತ್ತಿಲ್ಲವಂತೆ.

ಅಕ್ಕನಿಗೆ ಹೇಳೋಣ ಅಂತ ಹೋದೆ. ಅವಳೇ ಮೊದಲು ಬಾಯಿ ತೆರೆದಳು. “ನಿನ್ನ ಲಾಗ್ ಇಲ್ದಿದ್ರೆ ನಾನು ಅವರನ್ನೇ ನಂಬ್ತಿದ್ದೆ ಕಣೋ. ಇಲ್ಲಿ ಇಪ್ಪತ್ತು ವರ್ಷದಲ್ಲಿ ಒಂದು ಸುಳ್ಳು ಹೇಳಿದವರಲ್ಲ ಅಂತಾರೆ ಎಲ್ಲರೂ.”

ಕಾಫಿ ಬೇಕಾ ಅಕ್ಕ ಅಂತ ಕೇಳಿ ಎದ್ದುಬಂದೆ.

ಜುಲೈ 10, ಗುರುವಾರ, ಸಂಜೆ

ಹೇಳಿಬಿಟ್ಟೆ!

ಮಧ್ಯಾಹ್ನ ಮೂರು ಗಂಟೆಗೆ ಆರೋಪಿಯು ಪ್ರೊಫೆಸರರ ಆಸ್ಥಾನವನ್ನು ಪ್ರವೇಶಿಸಿದನು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಸರ್, ಆ ನಾಲ್ಕು ಅಂಕಿ ನಾನು ಹುಟ್ಟಿಸಿದ್ದು, ಶನಿವಾರ ಭಾನುವಾರ ನಾನು ಲ್ಯಾಬಿಗೆ ಕಾಲೇ ಇಟ್ಟಿಲ್ಲ, ಕಡ್ಡಿ ಯಾವಾಗ ಕಡಿಯಿತೋ ದೇವರಿಗೇ ಗೊತ್ತು ಅಂದೆ. ದನಿ ನಡುಗಲಿಲ್ಲ. ಅವರು ಕನ್ನಡಕ ತೆಗೆದಿಟ್ಟರು. ಮೇಜಿನ ಮೇಲಿದ್ದ ನನ್ನ ಪತ್ರವನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಹರಿದರು. ಸರಿಯಾಗಿಯೇ ಮಾಡಿದರು. ಆಮೇಲೆ ಮಾಮನನ್ನು ಕರೆಸಿ ಕೈ ಕುಲುಕಿದರು, ಕ್ಷಮೆ ಕೇಳಿದರು. ಅಕ್ಕ ನನ್ನ ಕಡೆ ನೋಡಲಿಲ್ಲ. ಮಾಮ ಮಾತ್ರ ಬಾಗಿಲ ಹತ್ತಿರ ನಿಂತು, “ತಲೆ ಸರಿಯಿದೆಯಲ್ಲೋ ನಂದು!” ಅಂತ ಜೋರಾಗಿ ನಕ್ಕರು. ಬೆನ್ನ ಮೇಲೆ ಒಂದು ಗುದ್ದಿದರು. ಇನ್ನೂ ಉರಿಯುತ್ತಿದೆ.

ಹೊಟ್ಟೆ ತುಂಬ ಉಂಡೆ. ಎಷ್ಟು ದಿನವಾಗಿತ್ತು.

ಜುಲೈ 11, ಶುಕ್ರವಾರ, ಬೆಳಿಗ್ಗೆ 11

ಸೂಟ್‌ಕೇಸ್ ಕಟ್ಟಿದ್ದಾಯಿತು. ಟ್ಯಾಕ್ಸಿ ಹನ್ನೆರಡಕ್ಕೆ.

ಬೀಗದ ಕೈ ಒಪ್ಪಿಸಲು ಲ್ಯಾಬಿಗೆ ಹೋಗಿದ್ದೆ. ಮಾಮ ತಮ್ಮ ಕಪಾಟು ಖಾಲಿ ಮಾಡುತ್ತಿದ್ದರು. ಒಂದು ರಟ್ಟಿನ ಪೆಟ್ಟಿಗೆ. ಸ್ಪ್ಯಾನರ್‌ಗಳು, ಒಂದು ಸ್ವೆಟರು, ಮೊಮ್ಮಗುವಿನ ಫೋಟೋ. ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿದ್ದರು, ಒಳಗೆ ಏನೇನಿದೆ ಅಂತ — ಮರೆತುಹೋದರೆ ಅಂತ.

“ಬಾಗಿಲು ಹಿಡ್ಕೋ ಅಳಿಯ” ಅಂದರು.

ಹಿಡಿದೆ.

ನಿನ್ನೆ ಬರೆದದ್ದು ನಡೆದಿಲ್ಲ. ಪ್ರೊಫೆಸರರ ಕೋಣೆಗೆ ಹೋದದ್ದೊಂದು ನಿಜ. ಕುರ್ಚಿ ತೋರಿಸಿದರು, ಕೂತೆ. ಪತ್ರ ರೆಡಿ ಇತ್ತು. ಕೊಟ್ಟರು. ಥ್ಯಾಂಕ್ಯೂ ಸರ್ ಅಂದೆ. ಅದೂ ಎರಡೆರಡು ಸಲ, ಬಗ್ಗಿ.