ಮೊರದ ತುಂಬ ಹಿಟ್ಟು

ಲಿಂಗಸುಗೂರು
20 ನವೆಂಬರ್ 1938, ಭಾನುವಾರ

ರೊಟ್ಟಿ ಇವತ್ತೂ ಸೀದಿತು. ಅಂಚು ಕರಿ, ನಡು ಹಸಿ. ನಾನು ಬಾಪ್ತಿಸ್ಮ ತಗೊಂಡ ವಾರವೇ ಶಿವಬಸಮ್ಮ ತವರಿನ ಬಸ್ಸು ಹತ್ತಿದಳು. ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಹೆಂಡತಿ ಮಸ್ಕಿಗೆ, ಗಂಡ ಒಲೆಗೆ;
ಹೊಗೆಯೆಲ್ಲ ಕಣ್ಣಿಗೆ, ಬೂದಿ ತಲೆಗೆ.

ಧಾರವಾಡದಲ್ಲಿ ಕನ್ನಡ ಓದಿ ಬಿ.ಎ. ಆದದ್ದಕ್ಕೆ ಇಷ್ಟಾದರೂ ಫಲ. ಶಾಲೆಯಲ್ಲಿ ಕಲಿಸುವುದೆಲ್ಲ ಉರ್ದುವಿನಲ್ಲಿ.

ನಿಜಾಮರ ರಾಜ್ಯದಲ್ಲಿ ರಜೆ ಶುಕ್ರವಾರ. ಹಾಗಾಗಿ ನಮ್ಮ ಭಾನುವಾರದ ಪ್ರಾರ್ಥನೆ ಶಾಲೆಗೆ ಮುಂಚೆ, ನಸುಕಿನಲ್ಲಿ, ಊರ ಹೊರಗಿನ ಕೇರಿಯಲ್ಲಿ. ಶಿವನ ಸೋಮವಾರ ಬಿಟ್ಟು ಭಾನುವಾರ ಹಿಡಿದಿರಿ, ಶುಕ್ರವಾರವನ್ನೇ ಹಿಡಿದಿದ್ದರೆ ರಜೆಯಾದರೂ ಸಿಗುತ್ತಿತ್ತು ಎಂದರು ಹೆಡ್‌ಮಾಸ್ತರ ಉಸ್ಮಾನ್‌ಸಾಬರು.

ಹಾಡುವಾಗ ಎದೆ ಹಗುರಾಯಿತು. ಮೊದಲು ನಾನು ಸರಿಯಾಗಬೇಕು, ಆಮೇಲೆ ದೇವರು — ಇಷ್ಟು ವರ್ಷ ಹೀಗೇ ಅಂದುಕೊಂಡಿದ್ದೆ. ಅವನೇ ಮೊದಲು ಬಂದುಬಿಟ್ಟ. ಸರಿಯಾಗದವನ ಹತ್ತಿರ. ನೆನೆದರೆ ನಗು ಬರುತ್ತದೆ. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಬೆಕ್ಕು ಸಹ ಇಲ್ಲ.

27 ನವೆಂಬರ್, ಭಾನುವಾರ

ಪ್ರಾರ್ಥನೆಯಾದ ಮೇಲೆ ಅಂಗಳದಲ್ಲಿ ಎಲ್ಲರಿಗೂ ನುಚ್ಚು, ಸಾರು. ಸಾಲಿನಲ್ಲಿ ಕೂತೆ. ಬಡಿಸುವ ಮುದುಕಿ ಆದಮ್ಮ ನನ್ನನ್ನು ದಾಟಿ ಹೋದಳು. ಆಮೇಲೆ ಮೊರ ತಂದಿಟ್ಟಳು — ಜೋಳದ ಹಿಟ್ಟು, ಬೇಳೆ, ಬೆಲ್ಲ. ಮನೆಗೆ ಒಯ್ದು ಬೇಯಿಸಿಕೊಳ್ಳಬೇಕು. ಮೇಲಿನ ಓಣಿಯವರಿಗೆ ಕೇರಿಯವರು ಮಾಡುವ ಮರ್ಯಾದೆ ಇದು: ಬೆಂದದ್ದಕ್ಕೆ ಮೈಲಿಗೆ, ಹಸಿಯದ್ದಕ್ಕೆ ಇಲ್ಲ. ಪ್ರತಿ ವಾರ ಇದೇ.

ನಾವೆಲ್ಲ ಒಂದೇ ದೇಹ ಎಂದು ಉಪದೇಶಿ ಮುದುಕಪ್ಪ ಆಗತಾನೆ ಓದಿದ್ದ. ನಾನು ಆ ದೇಹದ ರುಮಾಲು ಇರಬೇಕು.

ಮೊರ ಹಿಡಿದು ಒಬ್ಬನೇ ಬಂದೆ.

2 ಡಿಸೆಂಬರ್, ಶುಕ್ರವಾರ

ಮಸ್ಕಿಗೆ ಹೋಗಿ ಬಂದೆ. ಅಳಿಯನ ಊಟ ಹೊರಗೆ ಕಟ್ಟೆಯ ಮೇಲೆ, ಎಲೆಯಲ್ಲಿ. ಆಕೆಯ ಅಣ್ಣ ಸೂಗಪ್ಪ ಒಳಗೇ ಕೂತು ಕೆಮ್ಮಿದ. ಶಿವಬಸಮ್ಮ ನೀರನ್ನು ಮೇಲಿನಿಂದ ಸುರಿದಳು, ಬೊಗಸೆಯಲ್ಲಿ ಕುಡಿದೆ. ಬಡವಾಗಿದ್ದಾಳೆ. ಹೊರಡುವಾಗ ಬಾಗಿಲ ಮರೆಯಿಂದ ಹೇಳಿದಳು —

"ನಿಮ್ಮ ದೇವ್ರು ನಿಮಗಿರ್ಲಿ, ನಾ ಬ್ಯಾಡನ್ನಂಗಿಲ್ಲ. ಕೇರಿಯವ್ರು ನಮ್ಮ ಹೊಸ್ತಿಲ ದಾಟ್ಯಾರೇನು?"

ಇಲ್ಲ ಎಂದೆ. ನಿಜವೇ. ಕರೆದರಲ್ಲವೇ ಬರುವುದು.

"ಹಂಗ ಇರ್ಲಿ. ಸಂಕ್ರಾಂತಿಗೆ ಬರ್ತೀನಿ."

ಬಸ್ಸಿನಲ್ಲಿ ಖುಷಿಗೆ ಪ್ರಾಸದ ಮೇಲೆ ಪ್ರಾಸ. ಮನೆ ಬೀಗ ತೆಗೆಯುವಷ್ಟರಲ್ಲಿ ಎಲ್ಲ ಕೈಕೊಟ್ಟವು.

11 ಡಿಸೆಂಬರ್, ಭಾನುವಾರ

ಪ್ರಾರ್ಥನೆಗೆ ಹೋಗಲಿಲ್ಲ. ನೆಗಡಿ ಎಂದು ಹೇಳಿ ಕಳಿಸಿದೆ. ನೆಗಡಿ ಇಲ್ಲ.

ಯೇಸು ಎದೆಯಲ್ಲಿ, ಆಕೆ ಅಡುಗೆಮನೆಯಲ್ಲಿ. ಕೇರಿಯವರು ಕೇರಿಯಲ್ಲಿ. ಯಾರಿಗೇನು ನಷ್ಟ...

18 ಡಿಸೆಂಬರ್, ಭಾನುವಾರ

ಹೋದೆ. ಮೊರ ಬಂತು. ಗಡಿಗೆಯಲ್ಲಿ ಬೆಂದದ್ದು ನನಗೇಕಿಲ್ಲ ಎಂದು ಕೇಳಿಯೇಬಿಟ್ಟೆ. ಹಿಂದೆ ನಮ್ಮ ಓಣಿಯವರೇ ಇನ್ನೊಬ್ಬರು ಬಂದಿದ್ದರಂತೆ. ಜೊತೆಗೆ ಉಂಡರಂತೆ. ಬೇಸರವಾಗಿ ತಿರುಗಿ ಹೋದವರು, ಕೇರಿಯವರೇ ಉಣಿಸಿ ತಮ್ಮನ್ನು ಕೆಡಿಸಿದರು ಎಂದು ಊರ ಮುಂದೆ ಹೇಳಿದರಂತೆ. ಆವತ್ತು ಬಿದ್ದ ಏಟಿನಿಂದ ಆದಮ್ಮನ ಗಂಡ ಏಳಲೇ ಇಲ್ಲ.

"ತಿರುಗಿ ಹೋಗೋರು ಹಸನಾಗಿ ಹೋಗ್ಲಿ ಅಂತ ಹಿಟ್ಟು ಕೊಡ್ತೀವ್ರಿ ಮಾಸ್ತರ್ರ," ಅಂದಳು. ಸಿಟ್ಟಿರಲಿಲ್ಲ.

ನಾನು ಹೋಗುವವನಲ್ಲ ಎನ್ನಲು ಬಾಯಿ ತೆರೆದೆ. ಸಂಕ್ರಾಂತಿ ನೆನಪಾಯಿತು. ಮುಚ್ಚಿದೆ.

23 ಡಿಸೆಂಬರ್, ಶುಕ್ರವಾರ

ನನ್ನನ್ನು ಒಳಗೆ ಕರೆದವನು ನಾನು ಯಾವ ಓಣಿಯವನೆಂದು ಕೇಳಲಿಲ್ಲ. ಕೇಳಿದ್ದರೆ ಇನ್ನೂ ಹೊರಗೇ ಇರುತ್ತಿದ್ದೆ. ಇದು ತಿಳಿಯಲು ಇಷ್ಟು ದಿನ ಬೇಕಾಯಿತು, ಬಿ.ಎ.ಗೆ.

ಕೇರಿಗೆ ಹೋದೆ. ಕ್ರಿಸ್‌ಮಸ್ ಊಟ ನನ್ನ ಮನೆಯಲ್ಲಿ ಎಂದೆ. ಓಣಿಯ ಬಾವಿ ಮುಟ್ಟಲು ಬಿಡುವುದಿಲ್ಲ, ನೀರು ಹೇಗೆ ಎಂದ ಮುದುಕಪ್ಪ. ಮುಂಚೆಯೇ ಸೇದಿಡುತ್ತೇನೆ ಎಂದೆ.

"ಅಮ್ಮಾರು ಮತ್ತ?" ಆದಮ್ಮ ಕೇಳಿದಳು.

ಆಕೆಗೂ ಹೇಳಿ ಕಳಿಸುತ್ತೇನೆ ಎಂದೆ. ಮುದುಕಿ ಎದ್ದು ನಿಂತಳು.

"ಬರ್ತೀನಿ. ಮುಂದಿನ ಬಾಗ್ಲಿಂದ ಬರ್ತೀನಿ ನೋಡ್ರಿ. ಹಿತ್ತಲಿಂದಲ್ಲ."

ಮಸ್ಕಿಗೆ ಹೊರಟವರ ಬಾಯಲ್ಲಿ ಸುದ್ದಿ ಕಳಿಸಿದೆ. ಭಾನುವಾರ ಅವರು ಬರುತ್ತಾರೆ, ನೀನೂ ಬಾ.

25 ಡಿಸೆಂಬರ್, ಭಾನುವಾರ

ಉಸ್ಮಾನ್‌ಸಾಬರು ತಾವಾಗಿಯೇ ರಜೆ ಕೊಟ್ಟರು. ಮಸ್ಕಿ ಬಸ್ಸು ಬಂತು. ಇಳಿದವರಲ್ಲಿ ಆಕೆ ಇರಲಿಲ್ಲ.

ಅವರು ಓಣಿಯ ನಡುವೆಯೇ ಬಂದರು. ಎದುರು ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಆದಮ್ಮ ಹೊಸ್ತಿಲ ಮುಂದೆ ನಿಂತು ನನ್ನ ಮುಖ ನೋಡಿದಳು, ಬಹಳ ಹೊತ್ತು. ಆಮೇಲೆ ಒಳಗೆ ಬಂದಳು. ನೇರ ಅಡುಗೆಮನೆಗೆ. ಶಿವಬಸಮ್ಮನ ಒಲೆ ಹತ್ತಿಸಿದಳು.

ಇನ್ನು ಸಂಕ್ರಾಂತಿಗೂ ಆಕೆ ಬರುವುದಿಲ್ಲ. ಪಡಸಾಲೆಯಲ್ಲಿ ಹಾಡುತ್ತಿದ್ದಾರೆ, ಶ್ರುತಿ ಇಲ್ಲ, ತಾಳವೂ ಇಲ್ಲ. ಎದೆಯಲ್ಲಿ ಏನೋ ಉಕ್ಕುತ್ತಿದೆ — ದುಃಖವನ್ನು ಪಕ್ಕಕ್ಕೆ ಸರಿಸದೆಯೇ. ಎರಡಕ್ಕೂ ಜಾಗ ಇದೆ ಎಂದು ಗೊತ್ತಿರಲಿಲ್ಲ. ಇದಕ್ಕೊಂದು ಪ್ರಾಸ ಹುಡುಕಿದೆ, ಸಿಗಲಿಲ್ಲ. ಸಿಗದಿರಲಿ.

ಆದಮ್ಮ ಒಳಗಿನಿಂದ ಕರೆಯುತ್ತಿದ್ದಾಳೆ. "ಬರ್ಕೋತ ಕೂತ್ರ ಆರ್ತದ್ರೀ ಮಾಸ್ತರ್ರ, ಉಣ್ಣಾಕ ಬರ್ರಿ."

ಬಂದೆ, ಇನ್ನೊಂದು ಸಾಲು—